ಕ್ಯಾಲೆ ತಂಡದ ಆ ಒಂದು ವರ್ಷ

ಈ ಸಂಜೆ ನಾನು ಮಾತಾಡಲು ಆರಿಸಿಕೊಂಡಿರುವುದು ಫ್ರೆಂಚ್ ಕಪ್ ಫುಟ್‌ಬಾಲಿನ 1999-2000ರ ಸಾಲನ್ನು. ಈ ಕಪ್ ಶುರುವಾದದ್ದು 1917ರಲ್ಲಿ, ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. 1915ರಲ್ಲಿ ಯುದ್ಧಭೂಮಿಯಲ್ಲಿ ಮಡಿದ ಕ್ರೀಡಾ ಸಂಘಟಕ ಶಾರ್ಲ್ ಸಿಮೋನ್ ನೆನಪಿಗೆ ಅದನ್ನು ಮುಡಿಪಿಟ್ಟರು. ಫ್ರಾನ್ಸಿನ ಹಳ್ಳಿಯ ತಂಡವೂ ಇದರಲ್ಲಿ ಆಡಬಹುದು, ಕಡಲಾಚೆಯ ಫ್ರೆಂಚ್ ದ್ವೀಪಗಳ ತಂಡಗಳೂ ಆಡುತ್ತವೆ. ಲೀಗಿನಲ್ಲಿ ತಿಂಗಳುಗಟ್ಟಲೆ ಆಡಬೇಕು, ಹಾಗಾಗಿ ಕೊನೆಗೆ ಸಾಮಾನ್ಯವಾಗಿ ದುಡ್ಡಿದ್ದವರೇ ಮೇಲೆ ಬರುತ್ತಾರೆ. ಕಪ್ಪಿನಲ್ಲಿ ಹಾಗಲ್ಲ. ಎದುರಾಳಿ ಯಾರೆಂದು ಚೀಟಿ ಎತ್ತಿ ಗೊತ್ತುಮಾಡುತ್ತಾರೆ, ಸೋತವರು ಅಂದೇ ಹೊರಗೆ. ಬಡ ತಂಡಕ್ಕೆ ಒಂದು ದಿನದ ಮಟ್ಟಿಗಾದರೂ ಸಮಾನ ಅವಕಾಶ ಸಿಗುವುದು ಇಲ್ಲಿ.

ಕ್ಯಾಲೆ ಉತ್ತರ ಫ್ರಾನ್ಸಿನ ಬಂದರು ಊರು. ಅಲ್ಲಿನ ತಂಡ ಆಗ ನಾಲ್ಕನೇ ದರ್ಜೆಯಲ್ಲಿತ್ತು. ಆಟಗಾರರು ಹವ್ಯಾಸಿಗಳು, ಹಗಲು ತಮ್ಮ ತಮ್ಮ ಕೆಲಸ ಮುಗಿಸಿ ಅಭ್ಯಾಸಕ್ಕೆ ಬರುತ್ತಿದ್ದವರು. ತರಬೇತುದಾರ ಲಾದಿಸ್ಲಾಸ್ ಲೊಜಾನೊ. ಈ ತಂಡ ಎರಡನೇ ದರ್ಜೆಯ ಲೀಲ್ ಮತ್ತು ಕಾನ್ ತಂಡಗಳನ್ನು ಪೆನಾಲ್ಟಿ ಶೂಟೌಟಿನಲ್ಲಿ ಸೋಲಿಸಿತು. ಅದನ್ನು ಬರೀ ಅದೃಷ್ಟ ಎಂದವರಿದ್ದರು. ಆದರೆ ಎಂಟರ ಘಟ್ಟದಲ್ಲಿ ಮೊದಲ ದರ್ಜೆಯ ಸ್ಟ್ರಾಸ್‌ಬರ್ಗ್ 2-1ರಿಂದ ಸೋತಿತು. ಸೆಮಿಫೈನಲಿನಲ್ಲಿ ಎದುರಿಗೆ ಬಂದದ್ದು ಬೋರ್ಡೊ, ಹಿಂದಿನ ವರ್ಷವಷ್ಟೇ ಫ್ರಾನ್ಸಿನ ಚಾಂಪಿಯನ್ ಆಗಿದ್ದ ತಂಡ. ಏಪ್ರಿಲ್ 12ರಂದು ಲಾನ್ಸ್ ಊರಿನ ದೊಡ್ಡ ಕ್ರೀಡಾಂಗಣದಲ್ಲಿ ನಡೆದ ಆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಕಾಲು ಸೋತು ಹವ್ಯಾಸಿಗಳು ಕುಸಿಯಬೇಕಾದ ಹೊತ್ತದು. ಕ್ಯಾಲೆಯವರು 3-1ರಿಂದ ಗೆದ್ದರು. ಇದನ್ನು ಅದೃಷ್ಟವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅರ್ಧ ದೇಶದ ಮುಂದೆ ತಮ್ಮ ಊರಿನ ಹೆಸರು ಹೊತ್ತು ಓಡುವವರ ಹಟ ಅದು.

ಮೇ 7ರಂದು ಪ್ಯಾರಿಸ್ ಬಳಿಯ ಸ್ತಾದ್ ದ ಫ್ರಾನ್ಸ್‌ನಲ್ಲಿ ಫೈನಲ್. 75 ಸಾವಿರಕ್ಕೂ ಹೆಚ್ಚು ಜನ, ಅಧ್ಯಕ್ಷ ಜಾಕ್ ಶಿರಾಕ್ ಕೂಡ ಬಂದಿದ್ದರು. ಎದುರಾಳಿ ನಾಂತ್, ಹಿಂದಿನ ವರ್ಷ ಇದೇ ಕಪ್ ಗೆದ್ದಿದ್ದ ತಂಡ. 34ನೇ ನಿಮಿಷದಲ್ಲಿ ಜೆರೋಮ್ ದುತಿತ್ರ್ ಗೋಲು ಹೊಡೆದು ಕ್ಯಾಲೆಗೆ ಮುನ್ನಡೆ ಕೊಟ್ಟರು. ವಿರಾಮ ಮುಗಿದ ಸ್ವಲ್ಪ ಹೊತ್ತಿಗೆ ನಾಂತ್‌ನ ಆಂಟ್ವಾನ್ ಸಿಬಿಯೆರ್ಸ್ಕಿ ಸಮ ಮಾಡಿದರು. 90ನೇ ನಿಮಿಷದಲ್ಲಿ ರೆಫರಿ ಪೆನಾಲ್ಟಿ ಕೊಟ್ಟರು. ಅದು ಸರಿಯೋ ತಪ್ಪೋ ಎಂಬ ಜಗಳ ಬಹುಕಾಲ ನಡೆಯಿತು. ಸಿಬಿಯೆರ್ಸ್ಕಿ ಅದನ್ನೂ ಗೋಲಾಗಿಸಿದರು. 2-1.

ಆಮೇಲೆ ನಡೆದದ್ದಕ್ಕಾಗಿಯೇ ನಾನು ಈ ವಿಷಯ ಎತ್ತಿಕೊಂಡೆ. ನಾಂತ್ ನಾಯಕ, ಗೋಲ್‌ಕೀಪರ್ ಮಿಕಾಯೆಲ್ ಲಾಂದ್ರೋಗೆ ಆಗ ಇನ್ನೂ 20 ವರ್ಷ. ಕಪ್ ಪಡೆಯುವಾಗ ಅವರು ಕ್ಯಾಲೆ ನಾಯಕ ರೆಜಿನಾಲ್ಡ್ ಬೆಕ್ ಅವರನ್ನು ಪಕ್ಕಕ್ಕೆ ಕರೆದರು, ಇಬ್ಬರೂ ಸೇರಿ ಕಪ್ ಎತ್ತಿದರು. ಗೆದ್ದ ತರುಣನೊಬ್ಬ ತನ್ನ ಜೀವನದ ದೊಡ್ಡ ಗಳಿಗೆಯನ್ನು ಹೀಗೆ ಹಂಚಿಕೊಂಡದ್ದು, ನನ್ನ ಮಟ್ಟಿಗೆ, ಆ ಪಂದ್ಯದ ಎಲ್ಲ ಗೋಲುಗಳಿಗಿಂತ ದೊಡ್ಡದು.

ಆ ಕೀರ್ತಿ ಕ್ಯಾಲೆ ತಂಡವನ್ನು ಉಳಿಸಲಿಲ್ಲ. 2008ರಲ್ಲಿ ಊರಿಗೆ ಹೊಸ ಕ್ರೀಡಾಂಗಣ ಬಂತು. 2000ದ ಸಾಹಸದ ನೆನಪಿಗೆ ಅದಕ್ಕೆ ಮಹಾಗಾಥೆ ಎಂಬ ಅರ್ಥದ ಹೆಸರಿಟ್ಟರು. ಸಾಲ ಬೆಳೆಯಿತು, 2017ರಲ್ಲಿ ಕ್ಲಬ್ಬೇ ಮುಚ್ಚಿತು. ನನಗೆ ಇದು ನಿಜವಾಗಿ ನೋವಿನ ಸಂಗತಿ.

ಆದರೆ ಲಾಂದ್ರೋ ತೋರಿದ ನಡತೆ ಉಳಿಯಿತು. 2018ರ ಮೇ 8ರಂದು ಲೆ ಜೆರ್ಬಿಯೆ ಎಂಬ ಪುಟ್ಟ ಊರಿನ ಮೂರನೇ ದರ್ಜೆಯ ತಂಡ ಇದೇ ಫೈನಲಿನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್‌ಗೆ 2-0ರಿಂದ ಸೋತಿತು. ಗೆದ್ದ ನಾಯಕ ಬ್ರೆಜಿಲಿನ ತಿಯಾಗೊ ಸಿಲ್ವಾ, ಸೋತ ನಾಯಕ ಸೆಬಾಸ್ಟಿಯನ್ ಫ್ಲೋಶೋಂ ಅವರನ್ನು ಕರೆದು ಜೊತೆಯಲ್ಲೇ ಕಪ್ ಎತ್ತಿದರು. ಅದೇ ವಾರ ಲೆ ಜೆರ್ಬಿಯೆ ತನ್ನ ಲೀಗಿನಲ್ಲಿ ನಾಲ್ಕನೇ ದರ್ಜೆಗೆ ಇಳಿಯಿತು.