13 ಕಾಯಿ, ಒಂದು ಬೀಗ

ಅರಳಗುಪ್ಪೆಯ ತೋಟದಲ್ಲಿ ನಿಂತಿದ್ದೀರಿ ಅಂದ್ಕೊಳ್ಳಿ. ಮುಂದೆ 12 ತೆಂಗಿನಕಾಯಿ. ಮೂರು ಸಾಲು ಮಾಡಬಹುದು, ನಾಲ್ಕೂ ಮಾಡಬಹುದು. ಇನ್ನೊಂದು ಕಾಯಿ ಸೇರಿಸಿ. ಈಗ 13. ಒಂದೇ ಉದ್ದ ಸಾಲು ಬಿಟ್ರೆ ಹೇಗೆ ಜೋಡಿಸಿದ್ರೂ ಸಮ ಬರಲ್ಲ. ಇದೇ ಅವಿಭಾಜ್ಯ ಸಂಖ್ಯೆ.

2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಅನ್ನೋರು ಇಂಥದ್ದೊಂದು ದೈತ್ಯನನ್ನ ಹುಡುಕಿದ್ರು. 13,62,79,841 ಎರಡುಗಳನ್ನ ಒಂದಕ್ಕೊಂದು ಗುಣಿಸಿ, 1 ಕಳೆಯಿರಿ. ಅದರಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ! ಕಂಪ್ಯೂಟರ್‌ನ ದ್ವಿಮಾನ ಪದ್ಧತಿಯಲ್ಲಿ ಬರೆದ್ರೆ ಬರೀ 1. ಒಂದು ಸೊನ್ನೆಯೂ ಇಲ್ಲ.

ನಮಗೇನು ಲಾಭ ಅಂತೀರಾ? ತಿಪಟೂರಲ್ಲಿ ಕೊಬ್ಬರಿ ಮಾರಿದ ದುಡ್ಡನ್ನ ಅಪ್ಪ ಮೊಬೈಲ್‌ನಲ್ಲಿ ನೋಡ್ತಾರಲ್ಲ, ಇಂಟರ್ನೆಟ್‌ನಲ್ಲಿ ಅಂಥ ಮಾಹಿತಿ ಕಾಯೋ ಬೀಗಗಳಲ್ಲಿ ಆರ್‌ಎಸ್‌ಎ ಒಂದು. ಅದರೊಳಗೆ ಸುಮಾರು 300 ಅಂಕಿಗಳ ಎರಡು ಗುಟ್ಟಿನ ಅವಿಭಾಜ್ಯಗಳು. ಗುಣಿಸೋದು ಕ್ಷಣದ ಕೆಲಸ. ಗುಣಲಬ್ಧ ಕೊಟ್ಟು ಆ ಎರಡನ್ನ ಬಿಡಿಸು ಅಂದ್ರೆ ಇವತ್ತಿನ ಕಂಪ್ಯೂಟರ್‌ಗಳೂ ಸೋಲ್ತವೆ.

ಆ ದೈತ್ಯ ಮಾತ್ರ ಬೀಗಕ್ಕೆ ಆಗಲ್ಲ. ಊರಿಗೆಲ್ಲ ಗೊತ್ತಿರೋದು ಗುಟ್ಟು ಹೇಗಾಗುತ್ತೆ? ನಿಮ್ಮ ಓಟಿಪಿನೂ ಅಷ್ಟೇ. ಗಣಿತ ಎಷ್ಟೇ ಗಟ್ಟಿಯಿದ್ರೂ, ಫೋನ್‌ನಲ್ಲಿ ಕೇಳಿದೋರಿಗೆ ಓಟಿಪಿ ಹೇಳಿದ್ರೆ ಬೀಗದಕೈ ಕೊಟ್ಟ ಹಾಗೇ. ಇವತ್ತು ಮನೆಗೆ ಹೋಗಿ ಅಪ್ಪನಿಗೂ ಇದನ್ನ ಹೇಳಿ.