ಗೋಡೆಗೆ ಹೊಟ್ಟೆ ಬಂದರೆ



ಇವತ್ತು ನಾವು ಮನೆ ಗೋಡೆಯ ವಿಷಯ ಮಾತಾಡೋಣ. ಅರಸೀಕೆರೆ ಕಡೆ ಮಳೆ ಕಡಿಮೆ. ಬೇಲೂರು ಕಡೆ ಮಳೆ ಹೆಚ್ಚು. ಆದರೆ ಎರಡು ಕಡೆಯೂ ಮಣ್ಣಿನ ಗೋಡೆಗೆ ನೀರೇ ಶತ್ರು. ಬುಡ ನೆನೆದರೆ ಗೋಡೆ ಮೆತ್ತಗಾಗುತ್ತದೆ. ಮೇಲಿನ ಭಾರಕ್ಕೆ ಹೊರಗೆ ಉಬ್ಬುತ್ತದೆ.

ಬೇಲೂರಿನ ಚೆನ್ನಕೇಶವ ಗುಡಿಗೆ ಹಿಂದೆ ಗೋಪುರ ಇತ್ತು. ಕೆಳಗಿನ ಗುಡಿ ಉಳಿಯಲಿ ಅಂತ 1879ರಲ್ಲಿ ಅದನ್ನು ಇಳಿಸಿದರು. ಹಳೇಬೀಡಿನ ಕೇದಾರೇಶ್ವರ ಗುಡಿಯ ಕಥೆ ಬೇರೆ. ಅದರ ಗೋಪುರದಲ್ಲಿ ಒಂದು ಮರ ಬೇರು ಬಿಟ್ಟಿತು. ಬೇರು ದಪ್ಪವಾದ ಹಾಗೆ ಕಲ್ಲುಗಳು ಜರುಗಿದವು. ಗೋಪುರ ಹೋಯಿತು. ಸಸಿಯಾಗಿದ್ದಾಗ ಒಂದೇ ಕೈಯಲ್ಲಿ ಕೀಳಬಹುದಿತ್ತು! ನಿಮ್ಮ ಗೋಡೆ ಸಂದಿಯಲ್ಲಿ ಅರಳಿ ಸಸಿ ಇದೆಯಾ? ಇವತ್ತೇ ನೋಡಿ.

ನಮ್ಮ ಕಡೆ ಕೊಬ್ಬರಿಗೆ ಅಂತ ಅಟ್ಟದ ತುಂಬ ತೆಂಗಿನಕಾಯಿ ಹಾಕುತ್ತೇವೆ. ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಆ ಭಾರವೆಲ್ಲ ಗೋಡೆಯ ಮೇಲೆ. ಗೋಡೆ ಉಬ್ಬಿದ್ದರೆ ಮೊದಲು ಕಾಯಿ ಇಳಿಸಿ.

ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬಿರುಕಿನ ಮೇಲೆ ಅಡ್ಡವಾಗಿ ಒಂದು ಕಾಗದದ ಚೂರು ಇಡಿ. ಎರಡು ತುದಿಗೂ ಗಂಜಿ ಹಚ್ಚಿ ಬಿಗಿಯಾಗಿ ಅಂಟಿಸಿ. ಅದರ ಮೇಲೆ ತಾರೀಖು ಬರೆಯಿರಿ. ಬರೆಯಲು ಕಲಿತಿದ್ದೀರಲ್ಲ! ಕಾಗದ ಹರಿದರೆ ಬಿರುಕು ಬೆಳೆದಿದೆ. "ಮುಂದಿನ ವರ್ಷ ನೋಡೋಣ ಬಿಡು" ಅಂತ ಮನೆಯವರು ಅಂದರೆ ಆ ಕಾಗದ ತೋರಿಸಿ.

ಕೆಲವರು ಬಿರುಕಿನ ಮೇಲೆ ಸಿಮೆಂಟ್ ಬಳಿಯುತ್ತಾರೆ. ನಮಗೆ ಇದು ಸರಿ ಕಾಣುವುದಿಲ್ಲ. ಬಿರುಕು ಮುಚ್ಚಿಹೋಗುತ್ತದೆ, ಆದರೆ ವಾಸಿ ಆಗುವುದಿಲ್ಲ. ಒಳಗಿನ ತೇವವೂ ಹೊರಗೆ ಹೋಗುವುದಿಲ್ಲ. ಬಚ್ಚಲ ನೀರು ಗೋಡೆ ಬುಡಕ್ಕೆ ಹೋಗುತ್ತಿದ್ದರೆ ಚರಂಡಿ ಮಾಡಿ ದೂರ ಕಳಿಸಿ. ಬುಡಕ್ಕೆ ತಿಪ್ಪೆ ಒತ್ತಿದ್ದರೆ ತೆಗೆಯಿರಿ. ಇದಕ್ಕೆ ದುಡ್ಡು ಬೇಡ.

ಗೋಡೆ ತುಂಬ ವಾಲಿದ್ದರೆ ಗಾರೆಯವರನ್ನು ಕರೆಸಿ. ಮೊದಲು ಅವರು ಮರದ ಆಸರೆ ಕೊಡಲಿ. ಆಮೇಲೆ ಹೊರಗಿನಿಂದ ಕಲ್ಲಿನ ಆಸರೆ ಗೋಡೆ ಕಟ್ಟಲಿ. ಅದು ಬುಡದಲ್ಲಿ ಅಗಲ, ಮೇಲೆ ಸಣ್ಣ ಇರಬೇಕು. ಅದರ ಪಾಯ ಗಟ್ಟಿ ನೆಲ ಮುಟ್ಟಬೇಕು. ಹಳೇ ಗೋಡೆಯ ಬುಡವನ್ನು ಒಂದೇ ಸಲ ಉದ್ದಕ್ಕೂ ಅಗೆಯಲು ಬಿಡಬೇಡಿ, ಗೋಡೆ ಕುಸಿಯುತ್ತದೆ. ಕೆಲಸ ಮುಗಿಯುವ ತನಕ ಮಕ್ಕಳನ್ನು ಆ ಗೋಡೆ ಪಕ್ಕ ಮಲಗಿಸಬೇಡಿ.