ಕಲಿಸುವ ಕಾರ್ಖಾನೆಗಳು ಬೇಕು



 ಪುಣೆಯ ಚಾಕಣ, ಭೋಸರಿಯ ಕಾರ್ಖಾನೆಯವರು ಕೆಲಸ ಬಲ್ಲ ಹುಡುಗರು ಸಿಗುತ್ತಿಲ್ಲ ಎನ್ನುತ್ತಾರೆ. ಬೀದರ್, ಕಲಬುರಗಿ, ವಿಜಯಪುರದಿಂದ ಐಟಿಐ ಪ್ರಮಾಣಪತ್ರ ಹಿಡಿದು ಬಂದವರು ಕೆಲಸವೇ ಸಿಗುತ್ತಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜ.

ಹಳೆಯ ಲೇತ್ ಮೇಲೆ ಕೈ ಪಳಗಿದ ಟರ್ನರ್ ಹುಡುಗನನ್ನು ಸಿಎನ್‌ಸಿ ಯಂತ್ರದ ಮುಂದೆ ನಿಲ್ಲಿಸಿ ನೋಡಿ. ಇನ್ಸರ್ಟ್ ಸವೆದದ್ದು ಸದ್ದಿನಲ್ಲೇ ತಿಳಿಯಬೇಕು, ಹೊಸದನ್ನು ಕೂರಿಸಿ ಆಫ್‌ಸೆಟ್ ತಿದ್ದಬೇಕು, ಮೈಕ್ರೊಮೀಟರ್ ಹಿಡಿದಾಗ ಅಳತೆ ಕೂದಲೆಳೆಯಷ್ಟು ತಪ್ಪಿದ್ದರೂ ಯಂತ್ರ ನಿಲ್ಲಿಸುವ ಧೈರ್ಯ ಬೇಕು. ಹಿರಿಯ ಸೆಟ್ಟರ್ ಪಕ್ಕದಲ್ಲಿ ಕೆಲವು ತಿಂಗಳು ನಿಂತರೆ ಮಾತ್ರ ಬರುವ ವಿದ್ಯೆ ಇದು. ಆ ತಿಂಗಳುಗಳ ಖರ್ಚು ಯಾರದು? ಕಾರ್ಖಾನೆ ಸರ್ಕಾರದತ್ತ ಬೆರಳು ತೋರಿಸುತ್ತದೆ, ಸರ್ಕಾರ ಪ್ರಮಾಣಪತ್ರಗಳನ್ನು ಎಣಿಸುತ್ತದೆ, ಹುಡುಗ ಊರಿಗೆ ಮರಳುತ್ತಾನೆ.

ಇನ್ನೊಂದು ಕಡೆ, ಈ ನಗರದ ಮಜೂರ್ ಅಡ್ಡಾಗಳಲ್ಲಿ ಬೆಳಿಗ್ಗೆ ನಿಲ್ಲುವ ನಮ್ಮ ಗೌಂಡಿಗಳಿದ್ದಾರೆ. ಬಿಗಾರಿಯಾಗಿ ಬಂದು, ಗುಂಡು ಬಿಟ್ಟು ಗೋಡೆ ಎಬ್ಬಿಸುವುದನ್ನು ನೋಡಿ ನೋಡಿಯೇ ಕಲಿತವರು. ಅವರ ಬಳಿ ಕಾಗದವಿಲ್ಲ. 2023-24ರ ಆರ್ಥಿಕ ಸಮೀಕ್ಷೆಯ ಪ್ರಕಾರ 15ರಿಂದ 29 ವರ್ಷ ವಯಸ್ಸಿನವರಲ್ಲಿ ಔಪಚಾರಿಕ ವೃತ್ತಿ ತರಬೇತಿ ಪಡೆದವರು ಶೇ. 4.4 ಮಾತ್ರ, ಅನೌಪಚಾರಿಕವಾಗಿ ಕಲಿತವರು ಶೇ. 16.6. ಅಂದರೆ ಈ ದೇಶಕ್ಕೆ ಕೆಲಸ ಕಲಿಸುತ್ತಿರುವುದು ಹೆಚ್ಚಾಗಿ ಕೆಲಸದ ಜಾಗವೇ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಗೆ ಮಾನ್ಯತೆ ಕೊಡುವ ಅವಕಾಶವಿದೆ. ಆದರೆ ಆ ಮಾನ್ಯತೆಯಿಂದ ದಿನಗೂಲಿ ಏರದಿದ್ದರೆ ಗೌಂಡಿ ಒಂದು ದಿನದ ದುಡಿಮೆ ಬಿಟ್ಟು ಪರೀಕ್ಷೆಗೆ ಏಕೆ ಕೂರಬೇಕು?

ಕಾರ್ಖಾನೆಯೇ ಕಲಿಸಿದ ಹಳೆಯ ನಿದರ್ಶನ ನಮ್ಮ ಮುಂದಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕೈಗಾರಿಕಾ ಊರನ್ನು ಕಟ್ಟುವಾಗ ಸಿದ್ಧ ಕುಶಲಕರ್ಮಿಗಳಿಗಾಗಿ ಕಾದು ಕೂರಲಿಲ್ಲ. ಶಾಲೆ ಬಿಟ್ಟ ಅನಂತರಾವ್ ಫಳಣೀಕರ್ ಅಲ್ಲಿ ಇಂಜಿನಿಯರ್ ಆಗಿ ಬೆಳೆದರು. ಆ ಮನೆತನದ ಉದ್ಯಮ ಇದೇ ಪುಣೆಯ ಖಡ್ಕಿಗೂ ಬಂತು. ಇಂದಿನ ಮಾಲೀಕರಲ್ಲಿ ನಾನು ಕಾಣಬಯಸುವುದು ಕಾದು ಕೂರದೆ ತಾವೇ ಕಲಿಸುವ ಆ ಧೋರಣೆಯನ್ನು.

ಕರ್ನಾಟಕ ಸರ್ಕಾರ ಪುಣೆಯದೇ ಆದ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದ್ದು ಒಳ್ಳೆಯ ಹೆಜ್ಜೆ. ಹೊಸ ಯಂತ್ರದ ಜೊತೆಗೆ ಅದನ್ನು ದಿನವೂ ಓಡಿಸಿ ಪಳಗಿದ ಬೋಧಕರೂ ಬೇಕು. ಕಾರ್ಖಾನೆಯ ಸೂಪರ್‌ವೈಸರುಗಳನ್ನು ವಾರಕ್ಕೆ ಒಂದು ದಿನವಾದರೂ ತರಗತಿಗೆ ಕಳಿಸಲು ಸಾಧ್ಯವಿಲ್ಲವೆ?

ಕಾರ್ಖಾನೆಯೂ ಕಲಿಸಬೇಕು ಎನ್ನುವ ಕಾನೂನು ಈಗಾಗಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅವರನ್ನು ಅಗ್ಗದ ಕೂಲಿಗಳಂತೆ ದುಡಿಸಿಕೊಂಡು, ಅವಧಿ ಮುಗಿದೊಡನೆ ಹೊಸ ತಂಡ ತರುವುದು ಕಾಯ್ದೆಗೆ ಮಾಡುವ ದ್ರೋಹ. ಸರ್ಕಾರಗಳು ಎಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂಬ ಲೆಕ್ಕ ಬಿಟ್ಟು, ಒಂದು ವರ್ಷದ ನಂತರ ಅವರಲ್ಲಿ ಎಷ್ಟು ಜನ ಅದೇ ಕೆಲಸದಲ್ಲಿದ್ದಾರೆ, ಸಂಬಳ ಎಷ್ಟು ಎಂಬುದನ್ನು ಪ್ರಕಟಿಸಲಿ.

ಸಭೆಯಲ್ಲಿರುವ ಉದ್ಯಮಿಗಳಲ್ಲಿ ನನ್ನ ವಿನಂತಿ ಇಷ್ಟೆ: ಈ ವರ್ಷ ನಿಮ್ಮ ಪಾಲಿನ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಿ, ಪ್ರತಿಯೊಬ್ಬನಿಗೂ ಕಲಿಸುವ ಹೊಣೆಯನ್ನು ಒಬ್ಬ ಹಿರಿಯ ಕೆಲಸಗಾರನಿಗೆ ವಹಿಸಿ, ಆ ಹಿರಿಯನಿಗೆ ಅದಕ್ಕೆಂದೇ ಹೆಚ್ಚಿನ ಭತ್ಯೆ ಕೊಡಿ.